ಅರ್ವಾದಿನ ನಾಲಿಗೆ

ಅರ್ವಾದಿನಲ್ಲಿ ನೀರೊಂದನ್ನು ಬಿಟ್ಟು ಎಲ್ಲವೂ ಸಿಗುತ್ತದೆ. ಸುತ್ತ ನೀರೇ ಇರುವ ದ್ವೀಪದಲ್ಲಿ ನಿಂತು ಈ ಮಾತು ಹೇಳಿದರೆ ಪರಊರಿನವರು ನಗುತ್ತಾರೆ. ಬಿಸಿಲಿಗೆ ಅರ್ಧ ದಿನ ಬೀದಿ ಅಲೆದು ಬಂದ ಮೇಲೆ ನಗುವುದಕ್ಕೂ ಬಾಯಲ್ಲಿ ಪಸೆ ಇರುವುದಿಲ್ಲ. ದೇವದಾರು ಬೇಕೆ, ತಾಮ್ರ ಬೇಕೆ, ಗಾಜಿನ ಮಣಿ, ಆನೆದಂತ, ಕೆನ್ನೇರಳೆ ಬಟ್ಟೆ ಬೇಕೆ, ಬಂದರಿಗೆ ಬನ್ನಿ. ಲೋಕಕ್ಕೆಲ್ಲ ಸರಕು ಮಾರುವ ನಾವು ಕುಡಿಯುವ ನೀರನ್ನು ಮಾತ್ರ ಎದುರಿನ ದಡದಿಂದ ದೋಣಿಯಲ್ಲಿ ತರುತ್ತೇವೆ. ಮಳೆ ಬಂದರೆ ಚಾವಣಿಯ ನೀರು ಬಂಡೆಯಲ್ಲಿ ಕೊರೆದ ತೊಟ್ಟಿಗೆ ಹೋಗುತ್ತದೆ. ಊರು ಎಂದರೂ ಒಂದೇ ಬಂಡೆ, ಅದರ ಮೇಲೆ ಮನೆಯ ತಲೆಗೆ ಮನೆ. ಕೆಳಗಿನವನು ಸೀನಿದರೆ ಮೇಲಿನವನು 'ನೂರು ವರ್ಷ ಬಾಳು' ಎನ್ನುತ್ತಾನೆ, ಅದರ ಮೇಲಿನವನು 'ಸಾಕು ಮಲಗ್ರೋ' ಎನ್ನುತ್ತಾನೆ.

ದಡದ ಯಾವ ದೊರೆಯಾದರೂ ಮುನಿಸಿಕೊಂಡು ಅಲ್ಲಿನ ಬಾವಿಗಳನ್ನು ಮುಚ್ಚಿದರೆ ನಮಗೆ ಇರುವುದು ಕಡಲ ಬುಗ್ಗೆಯೊಂದೇ. ದ್ವೀಪಕ್ಕೂ ದಡಕ್ಕೂ ನಡುವೆ, ಕಡಲಿನ ತಳದಲ್ಲಿ, ಸಿಹಿನೀರಿನ ಒರತೆಯೊಂದು ಉಕ್ಕುತ್ತಿದೆ. ಸೀಸದ ದೊಡ್ಡ ಆಲಿಕೆಯನ್ನು ಬೋರಲಾಗಿ ಹಗ್ಗದಲ್ಲಿ ಇಳಿಸಿ ಅದರ ಬಾಯಿಯ ಮೇಲೆ ಕೂರಿಸುತ್ತೇವೆ. ಆಲಿಕೆಯ ಕುತ್ತಿಗೆಗೆ ಚರ್ಮದ ಉದ್ದ ಕೊಳವೆ ಹೊಲಿದಿರುತ್ತದೆ. ಒರತೆ ತನ್ನ ರಭಸಕ್ಕೆ ತಾನೇ ಕೊಳವೆ ಹತ್ತಿ ದೋಣಿಗೆ ಬರುತ್ತದೆ. ಮೊದಲು ಬರುವುದು ಉಪ್ಪುನೀರು, ಆಮೇಲೆ ಎರಡೂ ಬೆರೆತದ್ದು, ಕೊನೆಗೆ ಸಿಹಿ. ಎಲ್ಲಿ ಉಪ್ಪು ಮುಗಿದು ಸಿಹಿ ಶುರುವಾಯಿತು ಎಂದು ಹೇಳುವ ಅಧಿಕಾರ ಊರಿಗೆಲ್ಲ ಒಬ್ಬರಿಗೇ. ಅವರನ್ನು ನಾವು 'ನಾಲಿಗೆ' ಎನ್ನುತ್ತೇವೆ. ನಾಲಿಗೆ 'ಸಿಹಿ' ಎನ್ನುವವರೆಗೆ ಯಾರೂ ಕೊಡ ಒಡ್ಡುವಂತಿಲ್ಲ.

ನನ್ನ ಕಾಲದ ನಾಲಿಗೆ ಬತ್ನೋಮ. ಹೆಸರಿನ ಮೊದಲಿಗೇ 'ಬತ್' ಇದ್ದರೂ ಆಕೆಯ ಬಾಯಿ ಎಂದೂ ಬತ್ತಿದ್ದಿಲ್ಲ.

ಅವಳ ಅಪ್ಪ ಹಗ್ಗ ಹೊಸೆಯುವವನು. ಹಳೆಯ ನಾಲಿಗೆ ಮುದುಕಿಯಾದಾಗ ಎಶ್ಮುನ್ ದೇವರ ಗುಡಿಯ ಅಂಗಳದಲ್ಲಿ ಹುಡುಗಿಯರನ್ನು ಸಾಲಾಗಿ ಕೂರಿಸಿ ನೀರಿನ ಬಟ್ಟಲು ಕೊಟ್ಟರಂತೆ. ಒಂದರಲ್ಲಿ ಮಾತ್ರ ಒಂದು ಹನಿ ಕಡಲು ಬಿದ್ದಿತ್ತು. ಉಳಿದ ಮಕ್ಕಳೆಲ್ಲ ಕುಡಿದು ಬಾಯಿ ಒರೆಸಿಕೊಂಡರೆ, ಬತ್ನೋಮ ಮಾತ್ರ ಮುಖ ಸಿಂಡರಿಸಿ, "ಈ ಬಟ್ಟಲು ತೊಳ್ದೋರು ಯಾರು? ಅವರಿಗೆ ಕೈ ಇಲ್ವಾ?" ಎಂದಳಂತೆ. ಅಂದಿಗೆ ಅವಳ ಬಾಳಿನ ಉಪ್ಪಿನ ಋಣ ತೀರಿತು.

ಏಕೆಂದರೆ ನಾಲಿಗೆಯಾದವರು ಉಪ್ಪು ತಿನ್ನುವಂತಿಲ್ಲ. ಹಬ್ಬಕ್ಕೂ ಇಲ್ಲ, ಬಾಣಂತನಕ್ಕೂ ಇಲ್ಲ. ಉಪ್ಪುಮೀನೇ ಉಸಿರಾದ ಊರಿನಲ್ಲಿ ಇದು ಎಂಥ ಶಿಕ್ಷೆ ಎಂದು ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಮಗುವಿಗೆ ಹಲ್ಲು ಬರುವ ಮೊದಲೇ ಒಣಮೀನು ಚೀಪಲು ಕೊಡುತ್ತಾರೆ. ಬತ್ನೋಮಳ ಊಟವೆಂದರೆ ಸಪ್ಪೆ ಬಾರ್ಲಿ ರೊಟ್ಟಿ, ಸಪ್ಪೆ ಕಡಲೆ, ಅಂಜೂರ. ಊರು ಅವಳಿಗೆ 'ಸಪ್ಪೆ ಬತ್ನೋಮ' ಎಂದು ಹೆಸರಿಟ್ಟಿತು. ಅವಳ ಬೈಗುಳ ಒಮ್ಮೆ ತಿಂದವರು ಆ ಹೆಸರನ್ನು ಎರಡನೆಯ ಸಲ ಎತ್ತುತ್ತಿರಲಿಲ್ಲ. ಆ ಬೈಗುಳಕ್ಕೆ ಉಪ್ಪೂ ಇತ್ತು, ಖಾರವೂ ಇತ್ತು.

ಅವಳ ಗಂಡ ಅರಿಸ್ ಹಡಗಿನವನು, ಮೀನೆಂದರೆ ಪ್ರಾಣ. ಮನೆಯಲ್ಲಿ ಎರಡು ಒಲೆ. ಒಂದರಲ್ಲಿ ಅವನ ಸಾರು ಕುದಿಯುವಾಗ ಇವಳು ಮೂಗಿಗೆ ಸೆರಗು ಹಿಡಿದು ಇನ್ನೊಂದರ ಮುಂದೆ ಕೂರುತ್ತಿದ್ದಳು. "ಒಂದ್ ಚೂರು ನೆಕ್ಕೇ, ದೇವರು ನೋಡಲ್ಲ" ಎಂದು ಅವನು, "ದೇವರು ನೋಡಲ್ಲ, ನಾಲಿಗೆ ನೋಡತ್ತೆ" ಎಂದು ಇವಳು. ಅವನ ಹಡಗು ಕಿತ್ತಿಯ್ ಬಂದರಿನ ದಾರಿಯಲ್ಲಿ ಒಡೆದ ಸುದ್ದಿ ಬಂದಾಗ ಹೆಂಗಸರೆಲ್ಲ ಸೇರಿದೆವು ಎಂದು ನನ್ನ ತಾಯಿ ಹೇಳುತ್ತಿದ್ದಳು. ಎಲ್ಲರೂ ಎದೆ ಬಡಿದುಕೊಂಡು ಅತ್ತರು. ಬತ್ನೋಮ ಎದ್ದು ಹೋಗಿ ಕಣ್ಣಿನ ಕೆಳಗೆ, ಕೆನ್ನೆಗೆ ಅಡ್ಡವಾಗಿ ಒಂದು ಬಟ್ಟೆ ಬಿಗಿದುಕೊಂಡು ಬಂದು, ಆಮೇಲೆ ಅತ್ತಳಂತೆ. ಕಣ್ಣೀರಿನಲ್ಲೂ ಉಪ್ಪಿದೆಯಲ್ಲ.

ಇಷ್ಟೆಲ್ಲ ಯಾತಕ್ಕೆ? ಅವಳು ನಾಲಿಗೆಯಾದ ಮೇಲೆ ಯುದ್ಧವೇ ಬರಲಿಲ್ಲ. ದಡದಿಂದ ನೀರು ಬರುತ್ತಲೇ ಇತ್ತು. ಆಲಿಕೆ ಗುಡಿಯ ಮೂಲೆಯಲ್ಲಿ ಬಿದ್ದಿತ್ತು, ಅದರೊಳಗೆ ಬೆಕ್ಕು ಮರಿ ಹಾಕಿತ್ತು. ವರ್ಷಕ್ಕೊಂದು ದಿನ ಹಬ್ಬಕ್ಕೆ ಆಲಿಕೆಯನ್ನು ತೊಳೆದು ಹೂ ಮುಡಿಸಿ ಬತ್ನೋಮಳನ್ನು ಅದರ ಪಕ್ಕ ಕೂರಿಸುತ್ತಿದ್ದರು. ಎರಡಕ್ಕೂ ಅಷ್ಟೇ ಕೆಲಸ.

ಹೀಗಿರುವಾಗ ಆಕೆಯ ತಂಗಿಯ ಮಗಳ ಮದುವೆ ಬಂತು. ಊಟದ ಗದ್ದಲದಲ್ಲಿ, ಯಾರೂ ನೋಡುತ್ತಿಲ್ಲ ಎಂದುಕೊಂಡು, ಬತ್ನೋಮ ಒಂದು ತುಂಡು ಉಪ್ಪುಮೀನನ್ನು ಬಾಯಿಗೆ ಹಾಕಿಕೊಂಡಳು. ನೋಡಿದವನು ಶಫತ್.

ಶಫತ್ ಮೀನಿನ ಉಪ್ಪಿನಕಾಯಿ ಹಾಕುವವನು. ಊರಿನಲ್ಲೇ ದೊಡ್ಡ ತೊಟ್ಟಿಗಳು ಅವನವು. ಗಾಳಿ ಆ ಕಡೆಯಿಂದ ಬೀಸಿದರೆ ದಡದವರಿಗೂ ಹಸಿವಾಗುತ್ತಿತ್ತು ಅಥವಾ ಹಸಿವು ಹೋಗುತ್ತಿತ್ತು, ಅವರವರ ಮೂಗಿನಂತೆ. ಕೆಟ್ಟವನಲ್ಲ. ಆದರೆ ಕಂಡದ್ದನ್ನು ಹೇಳದೆ ಇದ್ದರೆ ಅವನಿಗೆ ಅಜೀರ್ಣ.

"ಏನತ್ತೇ, ಹೆಂಗಿತ್ತು ನನ್ನ ಮೀನು?" ಎಂದು ಪಂಕ್ತಿಯ ನಡುವೆಯೇ ಕೂಗಿದ.

ಎಲ್ಲರ ತುತ್ತೂ ಕೈಯಲ್ಲೇ ಉಳಿಯಿತು. ಬತ್ನೋಮ ನಿಧಾನವಾಗಿ ಅಗಿದು ನುಂಗಿದಳು. "ಚೆನ್ನಾಗಿತ್ತು. ಉಪ್ಪು ಒಂಚೂರು ಜಾಸ್ತಿ" ಎಂದಳು.

ನಕ್ಕೆವು. ಅಲ್ಲಿಗೆ ಮುಗಿಯಿತು ಎಂದುಕೊಂಡೆವು. ಮುಂದಿನ ಬೇಸಿಗೆಯಲ್ಲೇ ಯುದ್ಧ ಬಂತು.

ನಮ್ಮ ದೊಡ್ಡ ಹಡಗುಗಳೆಲ್ಲ ದೂರದ ಬಂದರುಗಳಿಗೆ ಹೋಗಿದ್ದ ಹೊತ್ತು ನೋಡಿ ಯಾವನೋ ದೊರೆ ದಡಕ್ಕೆ ದಂಡು ತಂದು ಬೀಡುಬಿಟ್ಟ. ಗೋಡೆ ಏರುವ ಗೋಜಿಗೆ ಹೋಗಲಿಲ್ಲ. ನೀರಿನ ದೋಣಿಗಳನ್ನು ಸುಟ್ಟು, ಬಾವಿಗಳಿಗೆ ಕಾವಲಿಟ್ಟು, ಡೇರೆ ಹಾಕಿ ಕುಳಿತ. 'ಬಾಗಿಲು ತೆರೆದು ಕೀಲಿಕೈ ಕಳಿಸಿ, ಇಲ್ಲವೇ ಬಾಯಾರಿ ಸಾಯಿರಿ' ಎಂದು ಹೇಳಿಕಳಿಸಿದ. ಮಳೆಗೆ ಇನ್ನೂ ಬಹಳ ದಿನವಿತ್ತು. ತೊಟ್ಟಿಗಳ ತಳ ಕಾಣತೊಡಗಿತು. ತಿನ್ನಲು ಬರವಿರಲಿಲ್ಲ, ಶಫತ್‌ನ ದಯೆ: ಬೆಳಿಗ್ಗೆ ಉಪ್ಪುಮೀನು, ಮಧ್ಯಾಹ್ನ ಉಪ್ಪುಮೀನು, ಸಂಜೆ ಬೇಜಾರಾಗಿ ಬೇರೆ ಜಾತಿಯ ಉಪ್ಪುಮೀನು. ಬತ್ನೋಮ ಮಾತ್ರ ಒಣ ಅಂಜೂರದಲ್ಲೇ ದಿನ ದೂಡಿದಳು. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂಬ ಮಾತು ಗಾದೆಯಾಗಿ ಕೇಳಲು ಚೆಂದ. ನಾಲಿಗೆ ಅಂಗುಳಿಗೆ ಅಂಟಿದಾಗ ಅದು ಬೈಗುಳದಂತೆ ಕೇಳುತ್ತದೆ.

ಹಿರಿಯರ ಸಭೆ ಸೇರಿತು. ಬೆಕ್ಕಿನ ಸಂಸಾರವನ್ನು ಎಬ್ಬಿಸಿ ಆಲಿಕೆಯನ್ನು ಹೊರತಂದರು. ಚರ್ಮದ ಕೊಳವೆಗೆ ಎಣ್ಣೆ ತಿಕ್ಕಿ ಮೆದು ಮಾಡಿದರು. ಸುಡದೆ ಉಳಿದ ಒಂದೇ ನೀರಿನ ದೋಣಿಯ ಯಜಮಾನ ಯಾತೋನ್ ನಮ್ಮ ಅಂಬಿಗರ ಗುಂಪನ್ನು ಆರಿಸಿದ. ಬತ್ನೋಮ ಹೊಸ ಸೀರೆಯಂಥ ಹೊದಿಕೆ ಹೊದ್ದು, ಬಾಳಿಡೀ ಕಾಯ್ದ ದಿನ ಬಂತೆಂದು ಬಂದರಿನ ಕಟ್ಟೆಗೆ ಬಂದು ನಿಂತಳು.

ಆಗ ಗುಂಪಿನಲ್ಲಿ ಯಾರೋ, "ಮದ್ವೇಲಿ ಮೀನು ತಿಂದಿದ್ಲಲ್ಲಪ್ಪ!" ಎಂದರು.

ಸಭೆಯ ಹಿರಿಯನೊಬ್ಬ ಗಡ್ಡ ನೀವಿಕೊಂಡ. "ಬತ್ನೋಮಾ, ನಿಜವೇನಮ್ಮ?"

"ನಿಜ. ಒಂದೇ ತುಂಡು."

"ಒಂದು ತುಂಡಾದರೂ ವ್ರತ ಕೆಟ್ಟಿತಲ್ಲ ತಾಯಿ."

"ಕೆಟ್ಟಿದ್ದು ವ್ರತ. ನಾಲಿಗೆ ಅಲ್ಲ."

"ಅದನ್ನ ಹೆಂಗೆ ನಂಬೋದು? ಊರಿನ ಪ್ರಾಣದ ವಿಷಯ."

ಬತ್ನೋಮ ಹೊದಿಕೆ ಬಿಗಿಮಾಡಿಕೊಂಡು ದೋಣಿಯಿಂದ ಹಿಂದೆ ಸರಿದಳು. ತಿಂದ ಮೀನು ಎಂದೋ ಕರಗಿತ್ತು. ಅದರ ರುಚಿ ಮಾತ್ರ ಅಂದಿನಿಂದ ಬಾಯಿ ಬಿಟ್ಟು ಹೋಗಿಲ್ಲವೆಂದು ಆಕೆ ಆಮೇಲೆ ನನಗೆ ಹೇಳಿದಳು. ಅವಳಿಗೇ ಅವಳ ನಾಲಿಗೆಯ ಮೇಲೆ ಅನುಮಾನ.

ಸಭೆ ತಲೆಗೆ ತಲೆ ಸೇರಿಸಿ, ಬಹಳ ತರ್ಕವಾಗಿ, ಶಫತ್‌ನನ್ನು ನಾಲಿಗೆ ಮಾಡಿತು. ದಿನಾ ಉಪ್ಪುನೀರು ರುಚಿ ನೋಡಿ ಮೀನು ಹಾಕುವವನಿಗಿಂತ ಉಪ್ಪನ್ನು ಬಲ್ಲವರು ಬೇರೆ ಯಾರಿದ್ದಾರೆ? ನಮಗೆಲ್ಲ ಸರಿಯೆನಿಸಿತು. ಕೊಡಲಿಯವನಿಗೆ ಮರ ಗೊತ್ತು, ಮೀನಿನವನಿಗೆ ಉಪ್ಪು ಗೊತ್ತು.

ಕತ್ತಲಾಗುವ ಹೊತ್ತಿಗೆ, ದಡದವರ ಕಣ್ಣಿಗೆ ಬೀಳದಂತೆ, ದೋಣಿ ಹೊರಟಿತು. ಗುಡಿಯ ಶಿಖರವೂ ದಡದ ಬೋಳುಗುಡ್ಡದ ತುದಿಯೂ ಒಂದೇ ಗೆರೆಗೆ ಬಂದ ಕಡೆ ನಿಲ್ಲಿಸಿ ಆಲಿಕೆ ಇಳಿಸಿದೆವು. ಕೊಳವೆ ಹಾವಿನಂತೆ ಮೈಮುರಿದು ಉಬ್ಬಿತು. ನೀರು ಚಿಮ್ಮಿತು. "ನಿನ್ನದು ನಿನಗೆ" ಎಂದು ಮೊದಲ ನೀರನ್ನು ಕಡಲಿಗೇ ಬಿಟ್ಟೆವು. ಶಫತ್ ಬೊಗಸೆಯೊಡ್ಡಿ ಕುಡಿದ. "ಉಪ್ಪು" ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ಕುಡಿದ. ಅವನ ಮುಖ ಅರಳಿತು. "ಸಿಹಿ! ಜೇನು ಕಣ್ರೋ, ಜೇನು!"

ಯಾತೋನ್ ಕುಡಿದು ಹೌದೆಂದ. ನಾವೂ ಕುಡಿದೆವು. ಜೇನೇ ಸರಿ. ಕೊಡಗಳು ತುಂಬಿದವು. ಕಟ್ಟೆಯಲ್ಲಿ ಜನ ಹಾಡಿಕೊಂಡು ಹೊತ್ತೊಯ್ದರು, ಮಕ್ಕಳಿಗೆ ಹೊಟ್ಟೆ ಬಿರಿಯೆ ಕುಡಿಸಿದರು.

ಮರುದಿನ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಕೂತಿತ್ತು. ಮನೆಯ ಮೇಲೆ ಮನೆ ಇರುವ ಊರಿನಲ್ಲಿ ಇದು ಎಂಥ ಅನಾಹುತವೆಂದು ಕೆಳಮನೆಯವರನ್ನು ಕೇಳಿ. ಕುಡಿದಷ್ಟೂ ಬಾಯಾರಿಕೆ ಹೆಚ್ಚಿತು. ಬತ್ತಿದ ಬಾಯಿಗಳಿಂದ ಒಂದೇ ಮಾತು: ಬುಗ್ಗೆಗೇ ಉಪ್ಪು ಸೇರಿದೆ, ದೇವರು ಕೈಬಿಟ್ಟ. ಸಂಜೆಯೊಳಗೆ ಕೀಲಿಕೈ ದಡಕ್ಕೆ ಕಳಿಸುವುದೆಂದು ಸಭೆ ತೀರ್ಮಾನಿಸಿತು. ಕೀಲಿಕೈ ಇಟ್ಟು ಕಳಿಸುವ ಬೆಳ್ಳಿಯ ತಟ್ಟೆಯನ್ನು ಉಜ್ಜಲೂ ಶುರುಮಾಡಿದ್ದರು.

ಬತ್ನೋಮ ಈ ಸುದ್ದಿ ಕೇಳಿ ಕಟ್ಟೆಗೆ ಬಂದಳು. ಉಳಿದಿದ್ದ ಒಂದು ಕೊಡದಲ್ಲಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. ಥೂ ಎಂದು ಉಗಿದ ಉಗಿತಕ್ಕೆ ಅಲ್ಲೇ ಕೂತಿದ್ದ ಶಫತ್‌ನ ಕಾಲು ಒದ್ದೆಯಾಯಿತು.

"ಇದನ್ನ ಸಿಹಿ ಅಂದ್ಯೇನೋ ಮುಂಡೇದೇ? ಇದ್ರಲ್ಲಿ ನಿನ್ನ ಮೀನು ಊರಿಸ್ಬಹುದು!"

"ನಂಗೆ ಸಿಹೀನೇ ಇತ್ತತ್ತೆ, ಆಣೆಗೂ" ಎಂದ ಶಫತ್, ಹೊಟ್ಟೆ ಹಿಡಿದುಕೊಂಡೇ. "ಎಲ್ರಿಗೂ ಸಿಹಿ ಇತ್ತು. ಯಾತೋನಣ್ಣನ್ನ ಕೇಳು."

"ಇರದೆ ಏನು? ಬೆಳಗಿಂದ ಸಂಜೆವರೆಗೆ ಉಪ್ಪು ನೆಕ್ಕಿದ ಬಾಯಿಗೆ ಅರ್ಧ ಉಪ್ಪು ಅನ್ನೋದು ಜೇನೇ ಆಗತ್ತೆ. ಇಡೀ ಊರು ಉಪ್ಪಲ್ಲಿ ಊರಿ ಕೂತಿದೆ. ಅದಕ್ಕೇ ಕಣೋ ನಂಗೆ ಉಪ್ಪು ತಿನ್ನಬೇಡ ಅಂದಿದ್ದು ಹಳಬರು. ವ್ರತ ಅಂತೆ, ವ್ರತ!"

ಅಷ್ಟು ಹೊತ್ತಿನ ಮೇಲೆ ಆ ಮಾತು ಎಲ್ಲರ ತಲೆಗೂ ಇಳಿಯಿತು. ಬಹುಶಃ ಅವಳ ತಲೆಗೂ ಆಗಲೇ ಇಳಿದದ್ದು. ಆಮೇಲೆ ದೋಣಿಗೆ ಕಾಲಿಟ್ಟಳು.

"ಯಾತೋನ್, ಬಿಡೋ ದೋಣಿ."

"ಸಭೆ ಒಪ್ಪಬೇಕಲ್ಲಕ್ಕ."

"ಸಭೆಗೆ ಹೊಟ್ಟೆ ಸರಿ ಇಲ್ಲ. ಅವರು ಎದ್ದು ಬರೋದ್ರೊಳಗೆ ನಾವು ಹೋಗಿ ಬರೋಣ. ಲೋ ಶಫತ್, ನೀನೂ ಹತ್ತು. ಕೊಳವೆ ಹಿಡಿಯೋಕೆ ಒಬ್ಬ ಬೇಕು."

ನಡುಹಗಲು. ಕಡಲು ಕಾದ ಹಂಚಿನಂತೆ ಹೊಳೆಯುತ್ತಿತ್ತು. ದಡದ ದಂಡಿನವರಿಗೆ ನಾವು ಅಂಗೈಯ ಮೇಲಿನ ನೊಣದಂತೆ ಕಾಣುತ್ತಿದ್ದೆವು. ಗೆರೆ ಸೇರಿಸಿ ನಿಲ್ಲಿಸಿದೆವು, ಆಲಿಕೆ ಇಳಿಸಿದೆವು. "ನಿನ್ನದು ನಿನಗೆ" ಎಂದಳು ಬತ್ನೋಮ ಮೊದಲ ನೀರಿಗೆ, ಅತ್ತೆ ಸೊಸೆಗೆ ಪಾತ್ರೆ ಹಿಂತಿರುಗಿಸುವ ದನಿಯಲ್ಲಿ.

ಬೆರಳು ಒಡ್ಡಿದಳು. "ಉಪ್ಪು."

ಕಾದೆವು. "ಉಪ್ಪು."

ದಡದಿಂದ ದೋಣಿಗಳು ಹೊರಟವು. ಬೆಸ್ತರಿಂದ ಕಸಿದುಕೊಂಡ ದೋಣಿಗಳು, ಒಳಗೆ ಬಿಲ್ಲಿನವರು. ಹುಟ್ಟು ಹಾಕಲು ಬಾರದೆ ಅಡ್ಡಾದಿಡ್ಡಿ ಬರುತ್ತಿದ್ದರು, ಆದರೂ ಬರುತ್ತಿದ್ದರು.

ಯಾತೋನ್ ನೀರು ಕುಡಿದು, "ಸಿಹಿ ಆಗಿದೆ ಅಕ್ಕ! ಈಗ ನಿಜಕ್ಕೂ ಆಗಿದೆ!" ಎಂದ.

"ಉಪ್ಪು."

"ಅಕ್ಕ, ಅಲ್ಲಿ ಬರ್ತಾವ್ರೆ—"

"ಬರಲಿ. ಅವರಿಗೂ ಉಪ್ಪೇ ಕೊಡ್ತೀನಿ."

ಹಾಗೆ ಜೋರಾಗಿ ಹೇಳಿದವಳು ನನ್ನ ಕಡೆ ಬಾಗಿ, ಯಾರಿಗೂ ಕೇಳದಂತೆ, "ಮಗಾ, ನಂಗೆ ಎಲ್ಲಾ ಉಪ್ಪೇ ಅನ್ನಿಸ್ತಿದೆಯೋ. ಆ ಮೀನು ನನ್ನ ನಾಲಿಗೆ ಸಾಯಿಸಿಬಿಟ್ಟಿದ್ರೆ?" ಎಂದಳು. ನನ್ನ ನಾಲಿಗೆಯೇ ನಿನ್ನೆ ನನಗೆ ದ್ರೋಹ ಬಗೆದಿತ್ತು. ಈಗ ಬೇಗ ಹೇಳಿದರೆ ಊರಿಗೆ ಎರಡನೆಯ ಸಲ ವಿಷ ಕುಡಿಸಿದಂತೆ. ಹೇಳದೆ ಕೂತರೆ ಬಿಲ್ಲಿನವರು ಬಂದು ಕೊಳವೆ ಕತ್ತರಿಸುತ್ತಾರೆ, ಸಂಜೆಗೆ ಬೆಳ್ಳಿತಟ್ಟೆ ದಡಕ್ಕೆ ಹೋಗುತ್ತದೆ.

ಮೊದಲ ಬಾಣ ನಮ್ಮಿಂದ ದೂರದಲ್ಲಿ ಬಿತ್ತು. ಎರಡನೆಯದು ಅಷ್ಟು ದೂರದಲ್ಲಲ್ಲ. ಶಫತ್ ಕೊಳವೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ್ದ.

ಬತ್ನೋಮ ಬೆರಳು ಬಿಟ್ಟು ಬೊಗಸೆಯೊಡ್ಡಿದಳು. ಕುಡಿಯಲಿಲ್ಲ, ಬಾಯಲ್ಲಿ ತುಂಬಿಕೊಂಡು ಹಾಗೇ ಕುಳಿತಳು. ಬಾಣಗಳ ನಡುವೆ, ಮದುವೆ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ಸಾಲದೆಂದು ಯೋಚಿಸುವ ಹಿರಿಯಳಂತೆ. ಎಲ್ಲೋ ಅಂಚಿನಲ್ಲಿ, ಕೂದಲೆಳೆಯಷ್ಟು ಉಳಿದಿದ್ದದ್ದು ಕರಗುವುದನ್ನು ಆಕೆ ಹಿಂಬಾಲಿಸುತ್ತಿದ್ದಳು ಎಂದು ನನಗೆ ಅನಿಸಿತು. ಉಗಿದಳು. ಮತ್ತೆ ತುಂಬಿಕೊಂಡಳು. ಇದ್ದಕ್ಕಿದ್ದಂತೆ ಕಣ್ಣು ದೊಡ್ಡದಾಯಿತು, ಗುಟುಕ್ಕೆಂದು ನುಂಗಿದಳು.

"ಸಿಹಿ!"

ಆ ಕೂಗು ಕೋಟೆಗೋಡೆಗೆ ಬಡಿದು ವಾಪಸು ಬಂತು. "ಸಿಹಿ! ಒಡ್ರೋ ಕೊಡ! ಏನ್ ಬಾಯಿ ಬಿಟ್ಕೊಂಡ್ ನೋಡ್ತೀರಾ, ಒಡ್ರೋ!"

ಕೊಡಗಳು ಒಂದರ ಹಿಂದೊಂದು ತುಂಬಿದವು. ಬುಗ್ಗೆಗೆ ಎಷ್ಟು ಕಾಲದ ಸಿಟ್ಟಿತ್ತೋ, ಕೊಳವೆಯನ್ನು ಹಿಡಿಯಲು ಆಗದಷ್ಟು ರಭಸ. ಶಫತ್ ಅದಕ್ಕೆ ಜೋತುಬಿದ್ದು ಮೇಲೆ ಕೆಳಗೆ ಕುಣಿಯುತ್ತಿದ್ದ. "ಅತ್ತೇ, ನನ್ನ ತಗೊಂಡ್ ಹೋಗ್ತಿದೆ!" ಎಂದು ಅವನು, "ಹೋದ್ರೆ ಹೋಗು, ಕೊಳವೆ ಮಾತ್ರ ಬಿಡಬೇಡ!" ಎಂದು ಆಕೆ. ಗೋಡೆಯ ಮೇಲಿದ್ದ ಜನ ಕೂಗು ಕೇಳಿದ್ದೇ ತಡ ಬಂದರಿನ ಬಾಯಿಗೆ ಅಡ್ಡ ಕಟ್ಟಿದ್ದ ಸರಪಳಿ ಸಡಿಲಿಸಿದರು. ಊರಿನಲ್ಲಿ ತೇಲಬಲ್ಲ ಪ್ರತಿಯೊಂದೂ ಹೊರಬಂತು: ಸಣ್ಣ ದೋಣಿ, ಸರಕಿನ ತೆಪ್ಪ, ಒಬ್ಬ ಮುದುಕ ಹಿಟ್ಟು ನಾದುವ ಮರದ ಮರಿಗೆಯಲ್ಲಿ. ಹೊಟ್ಟೆನೋವಿನ ಅಂಬಿಗನೂ ಅರ್ವಾದಿನ ಅಂಬಿಗನೇ. ಹುಟ್ಟು ಹಿಡಿದೇ ಹುಟ್ಟಿದವರು. ದಡದ ಬಿಲ್ಲಿನವರನ್ನು ಸುತ್ತುಗಟ್ಟಿ ದೋಣಿಗಳ ಪಕ್ಕೆಗೆ ಗುದ್ದಿದಾಗ ಅವರು ಬಿಲ್ಲು ಬಿಸಾಡಿ ದೋಣಿಯ ಅಂಚು ಹಿಡಿದುಕೊಂಡರು. ಈಜಲು ಬಾರದವರು ಕಡಲಿಗಿಳಿದರೆ ಇನ್ನೇನು ಹಿಡಿಯಬೇಕು? ಸೆರೆಸಿಕ್ಕವರಿಗೆ ಮೊದಲು ನೀರು ಕೊಟ್ಟವಳೂ ಬತ್ನೋಮಳೇ. "ಕುಡೀರಿ ಮಕ್ಕಳಾ, ಸಿಹಿ ಇದೆ. ನಿಮ್ಮ ದೊರೆಗೆ ಹೋಗಿ ಹೇಳಿ."

ಅಂದು ಹಾಲಿಗಿಂತ ಭಕ್ತಿಯಿಂದ ನೀರು ಕುಡಿದೆವು. ಮರುದಿನ, ಅದರ ಮರುದಿನ ಹೋಗಿ ತಂದೆವು. ತೊಟ್ಟಿಗಳು ತುಂಬಿದವು. ಸಭೆಯ ಹಿರಿಯ ಬಂದು ಬತ್ನೋಮಳಿಗೆ ಕೈಮುಗಿದು, "ತಾಯಿ, ಏನು ಬೇಕು ಕೇಳು" ಎಂದ.

"ಬಟ್ಟೆ ಒಗೀಬೇಕು" ಎಂದಳು ಆಕೆ.

ಸಭೆಗೆ ಅರ್ಥವಾಗಲಿಲ್ಲ. ಹೆಂಗಸರಿಗೆ ಅರ್ಥವಾಯಿತು. ಮುತ್ತಿಗೆ ಶುರುವಾದಂದಿನಿಂದ ಊರಿನಲ್ಲಿ ಒಂದು ಬಟ್ಟೆಯೂ ನೀರು ಕಂಡಿರಲಿಲ್ಲ, ಅದೂ ಆ ಹೊಟ್ಟೆನೋವಿನ ದಿನಗಳು ಕಳೆದ ಮೇಲೆ. ಬೆಳಿಗ್ಗೆ ಬಿಸಿಲು ಏರುವ ಹೊತ್ತಿಗೆ ಅರ್ವಾದಿನ ಹೆಂಗಸರೆಲ್ಲ ದಡಕ್ಕೆ ಮುಖಮಾಡಿದ ಗೋಡೆಯ ಮೇಲೆ ಸಾಲಾಗಿ ಕೂತು ಒಗೆಯತೊಡಗಿದರು. ನೀರು ಗೋಡೆಯುದ್ದಕ್ಕೂ ಹರಿದು ಜಲಪಾತದಂತೆ ಕಡಲಿಗೆ ಬಿತ್ತು. ಹಿಂಡುವ ಮೊದಲೇ ಬಟ್ಟೆಗಳನ್ನು ಗೋಡೆಯ ಮೇಲೆ ಹರಡಿದರು, ತೊಟತೊಟ ತೊಟ್ಟಿಕ್ಕಲೆಂದೇ. ಕೆನ್ನೇರಳೆ, ಕೆಂಪು, ಹಳದಿ, ಮಕ್ಕಳ ಲಂಗೋಟಿ, ಮುದುಕರ ಕಂಬಳಿ. ಊರೇ ಒಂದು ಒದ್ದೆ ಬಾವುಟವಾಯಿತು. ಮಕ್ಕಳು ಕೊಡಗಟ್ಟಲೆ ನೀರನ್ನು ಒಬ್ಬರ ಮೇಲೊಬ್ಬರು ಸುರಿದುಕೊಂಡು ಕಿರುಚಿದರು, ಯಾರೂ ಗದರಲಿಲ್ಲ.

ದಡದಲ್ಲಿ ದಂಡಿನವರು ಡೇರೆಗಳಿಂದ ಹೊರಬಂದು ನಿಂತರು. ನಮ್ಮ ಬಾಯಾರಿಕೆಯನ್ನು ಕಾಯುತ್ತ ಬೇಸಿಗೆಯೆಲ್ಲ ಕೂತವರು. ಬಾವಿಗಳ ಕಾವಲಿಗೆ ನಿಂತಿದ್ದವನೊಬ್ಬ ಈಟಿಯನ್ನು ನೆಲಕ್ಕೆ ಊರಿ ಅದರ ಮೇಲೆ ಗಲ್ಲ ಇಟ್ಟುಕೊಂಡು ನೋಡುತ್ತಿದ್ದುದು ನನಗೆ ಇಲ್ಲಿಂದಲೇ ಕಂಡಿತು. ಸಂಜೆಯ ಹೊತ್ತಿಗೆ ಮೊದಲ ಡೇರೆ ಕುಸಿಯಿತು. ಆಮೇಲೆ ಪಕ್ಕದ್ದು. ಹೇಸರಗತ್ತೆಗಳ ಮೇಲೆ ಮೂಟೆ ಏರತೊಡಗಿತು.

ಬತ್ನೋಮ ಗೋಡೆಯ ಅಂಚಿಗೆ ಹೋಗಿ, ಒದ್ದೆ ಕೈಗಳನ್ನು ಬಾಯಿಗೆ ಅಡ್ಡ ಹಿಡಿದು, ದಡಕ್ಕೆ ಕೇಳುವಂತೆ ಕೂಗಿದಳು.

"ಏ, ಹೊರಟ್ರಾ? ನಿಮ್ಮವೂ ಕೊಳೆ ಬಟ್ಟೆ ಇದ್ರೆ ಕೊಟ್ಟು ಹೋಗ್ರೋ! ನಮ್ಮಲ್ಲಿ ನೀರು ಬೇಕಾದಷ್ಟಿದೆ!"